ಒಲೆಯ ಮೇಲೆ ಯಾರು ಮಲಗುತ್ತಾರೆ

ಒಲೆ ಆರುತ್ತದೆ ಎಂಬುದೇ ಬೆಟಗೇರಿಯ ನೇಕಾರ ಓಣಿಯ ಮಕ್ಕಳಿಗೆ ಗೊತ್ತಿರಲಿಲ್ಲ. ಅವರು ಹುಟ್ಟುವ ಎಷ್ಟೋ ವರ್ಷ ಮೊದಲೇ ಕಾವು ಮಂಡಳಿಯವರು ಮನೆಗೊಂದು ಒಲೆ ಕೊಟ್ಟು ಹೋಗಿದ್ದರು. ಗಿಡ್ಡನೆಯ, ದುಂಡನೆಯ, ಬೂದುಬಣ್ಣದ ಒಲೆ. ಜೋಳದ ಚೀಲಕ್ಕಿಂತ ಭಾರ. ಅಡಿಯಲ್ಲಿ ಸಣ್ಣ ಗಾಲಿಗಳು, ಮೇಲೆ ರೊಟ್ಟಿ ಬೇಯುವಷ್ಟು ಕಾಯುವ ತಟ್ಟೆ. ಅದಕ್ಕೆ ಕಟ್ಟಿಗೆ ಬೇಡ, ಗ್ಯಾಸ್ ಬೇಡ, ತಂತಿ ಬೇಡ. ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿದಾದ ಮೇಲೆ ಬಚ್ಚಲಿಗೆ ಉರುಳುತ್ತಿತ್ತು. ನೀರು ಕಾದ ಮೇಲೆ ಅಂಗಳಕ್ಕೆ, ನೂಲಿಗೆ ಬಣ್ಣ ಹಾಕುವ ಹಂಡೆಯ ಕೆಳಗೆ. ಮಂಡಳಿ ಅದಕ್ಕಿಟ್ಟ ಹೆಸರು ‘ಅಕ್ಷಯ’. ಓಣಿಯವರು ‘ಆರದೊಲಿ’ ಎನ್ನುತ್ತಿದ್ದರು.

ಒಳಗಿದ್ದದ್ದು ಅಣುಸ್ಥಾವರದ ಕಸದಿಂದ ಬೇರ್ಪಡಿಸಿದ ಸ್ಟ್ರಾನ್ಷಿಯಂ ತುಂಬಿದ ಒಂದು ಉಕ್ಕಿನ ಗುಂಡು. ಅದರ ಪರಮಾಣುಗಳು ತಮ್ಮಷ್ಟಕ್ಕೆ ತಾವು ಒಂದೊಂದಾಗಿ ಸಿಡಿಯುತ್ತವೆ. ಬಾಣಲೆಯಲ್ಲಿ ಜೋಳ ಹುರಿದು ಅರಳು ಮಾಡುವಾಗ ಮುಂದೆ ಸಿಡಿಯುವ ಕಾಳು ಯಾವುದೆಂದು ಯಾರೂ ಹೇಳಲಾರರು. ಆದರೆ ಬಾಣಲೆಯ ಅರ್ಧ ಕಾಳು ಎಷ್ಟು ಹೊತ್ತಿಗೆ ಅರಳಿರುತ್ತದೆ ಎಂಬುದನ್ನು ರೂಢಿಯಾದವರು ಹೇಳಬಲ್ಲರು. ಸ್ಟ್ರಾನ್ಷಿಯಂಗೆ ಆ ಹೊತ್ತು ಇಪ್ಪತ್ತೊಂಬತ್ತು ವರ್ಷ. ಬಾಣಲೆಯನ್ನು ಕೆಳಗಿಳಿಸಿದರೆ ಅರಳುವುದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ನೀರು ಸುರಿದರೂ, ಮಣ್ಣಿನಲ್ಲಿ ಹೂತರೂ, ಸರ್ಕಾರವೇ ಆಜ್ಞೆ ಹೊರಡಿಸಿದರೂ ಅದು ತನ್ನ ಪಾಡಿಗೆ ಸಿಡಿಯುತ್ತಲೇ ಇರುತ್ತದೆ.

ಸಿಡಿದು ಹೊರಬಿದ್ದ ಕಣ ಗುಂಡಿನೊಳಗೇ ಎಲ್ಲೋ ಬಡಿದು ನಿಲ್ಲುತ್ತದೆ. ಅದರ ಓಟ ಕಾವಾಗುತ್ತದೆ. ಆದರೆ ಪೂರ್ತಿ ಅಲ್ಲ. ವೇಗವಾಗಿ ಹೋಗುವ ಮೋಟರ್‌ಸೈಕಲ್ಲಿಗೆ ಒಮ್ಮೆಲೇ ಬ್ರೇಕು ಹಾಕಿದರೆ ಟೈರು ಕಿರುಗುಡುತ್ತದಲ್ಲ, ಹಾಗೆ ಆ ಕಣ ನಿಲ್ಲುವಾಗಲೂ ಓಟದ ಒಂದಿಷ್ಟು ಪಾಲು ಕಾಣದ ಕಿರಣವಾಗಿ ಹೊರಗೆ ಹೋಗುತ್ತದೆ. ಆ ಕಿರಣ ಚರ್ಮವನ್ನೂ ಎಲುಬನ್ನೂ ದಾಟುತ್ತದೆ. ಬಿಸಿ ಅನ್ನಿಸುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ. ಅದನ್ನು ತಡೆಯಲೆಂದೇ ಒಲೆಯ ಸುತ್ತ ಸೀಸದ ಗೋಡೆ, ಮೇಲೆ ನಾಲ್ಕು ಬೆರಳು ದಪ್ಪದ ಸೀಸದ ಮುಚ್ಚಳ.

ನೇಕಾರ ಓಣಿಯಲ್ಲಿ ಬಾಣಂತಿಯನ್ನು ನುಲಿಯ ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡದ ಶೆಗಡಿ ಇಡುವುದು ಅಜ್ಜಿಯರ ಕಾಲದಿಂದ ಬಂದ ರೂಢಿ. ಆರದೊಲೆ ಬಂದ ಮೇಲೆ ಹೊಗೆಯ ಕಾಟ ತಪ್ಪಿತು, ರೂಢಿ ಉಳಿಯಿತು. ಅದರ ಜೊತೆಗೆ ಇನ್ನೊಂದು ಹೊಸ ರೂಢಿಯೂ ಹುಟ್ಟಿಕೊಂಡಿತು: ಯಾರ ಮನೆಗೇ ಹೊಸ ಒಲೆ ಬರಲಿ, ಓಣಿಯಲ್ಲಿ ಬಾಣಂತಿ ಇದ್ದರೆ ಅದು ಮೊದಲು ಆಕೆಯ ಹೊರಸಿನ ಕೆಳಗೆ ಹೋಗಬೇಕು. ತಮ್ಮ ಮನೆಯ ರೊಟ್ಟಿ ಆಮೇಲೆ. ಯಾರೂ ಹೇಳಿಕೊಟ್ಟದ್ದಲ್ಲ, ಒಬ್ಬಳು ಹೆಣ್ಣುಮಗಳು ಮಾಡಿದಳು, ಮತ್ತೊಬ್ಬಳು ಅದನ್ನು ಕಂಡು ಮಾಡಿದಳು.

ಮೊದಲ ಒಲೆಗಳು ಬಂದಾಗ ಓಣಿಯ ಶಿವಗಂಗವ್ವ ಚೊಚ್ಚಲ ಬಾಣಂತಿ. ಮಂಡಳಿಯ ಫೋಟೊದವನು ಬಂದು ಆಕೆಯನ್ನೂ ಕೂಸನ್ನೂ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಒಲೆ ಇಟ್ಟು, ಫೋಟೊ ತೆಗೆದುಕೊಂಡು ಹೋದ. ಅದು ಮಂಡಳಿಯ ಕ್ಯಾಲೆಂಡರಿನಲ್ಲಿ ಬಂತು. ದೊಡ್ಡದು ಮಾಡಿಸಿ ಕಟ್ಟು ಹಾಕಿದ್ದು ಗದಗಿನ ಕಚೇರಿಯ ಹಾಲಿನಲ್ಲಿ ಈಗಲೂ ಇದೆ. ಆ ಕೂಸು ಕಸ್ತೂರಿ. ಇಂಜಿನಿಯರಿಂಗ್ ಓದಿ ಅದೇ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ದಿನಾ ಬೆಳಿಗ್ಗೆ ತನ್ನದೇ ಫೋಟೊದ ಕೆಳಗೆ ಹಾಯ್ದು ಒಳಗೆ ಹೋಗುತ್ತಿದ್ದಳು.

*

ಕಂಟ್ರೋಲ್ ರೂಮಿನ ಗೋಡೆಯ ತುಂಬ ಪರದೆಗಳು. ಮಂಡಳಿಯ ಪ್ರತಿಯೊಂದು ಒಲೆಯೂ ತನ್ನ ತಟ್ಟೆ ಎಷ್ಟು ಬಿಸಿ, ಬದಿ ಎಷ್ಟು ಬಿಸಿ ಎಂದು ಆಗಾಗ ವರದಿ ಕಳಿಸುತ್ತಿತ್ತು. ಪಕ್ಕದ ಕುರ್ಚಿಯ ಜಾಫರ್ ರಿಪೇರಿ ವಿಭಾಗವನ್ನೂ ನೋಡಿಕೊಳ್ಳುವವನು. ಚಹಾ ಬಂದರೆ ಅರ್ಧವನ್ನು ಕೇಳದೆಯೇ ಕಸ್ತೂರಿಯ ಲೋಟಕ್ಕೆ ಬಗ್ಗಿಸುತ್ತಿದ್ದ, ಆಕೆ ತನ್ನದನ್ನು ಯಾವಾಗಲೂ ಆರಿಸಿಬಿಡುತ್ತಾಳೆಂದು ಗೊತ್ತಿದ್ದರಿಂದ.

“ನಿಮ್ಮ ಓಣಿ ಒಲಿ ನೋಡ್ರಿ ಮೇಡಂ,” ಎಂದ ಅವತ್ತು. “ನವೀಕರಣ ಮಾಡಿ ಕೊಟ್ಟಾವು. ಬೆಂಗಳೂರಿನ ಹೊಸಾವುಕಿಂತ ತಟ್ಟಿ ಹೆಚ್ಚ ಕಾಯಾಕತ್ತಾವ.”

“ನಮ್ಮ ಓಣಿಯವ್ರ ಸಿಟ್ಟು ಅದರಾಗ ಸೇರಿರಬೇಕು,” ಎಂದು ಕಸ್ತೂರಿ ನಕ್ಕಳು.

ಸಿಟ್ಟಿಗೆ ಕಾರಣವಿತ್ತು. ಓಣಿಯ ಹಳೆಯ ಒಲೆಗಳು ಅರ್ಧ ತಣ್ಣಗಾಗಿ, ಹಂಡೆ ಕುದಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ದೊಡ್ಡ ಊರುಗಳ ದೊಡ್ಡ ಬಡಾವಣೆಗಳಿಗೆ ಹೊಸ ಗುಂಡುಗಳು ಆಗಲೇ ಹೋಗಿದ್ದವು. ನೇಕಾರರು ಕಚೇರಿಯ ಮುಂದೆ ಧರಣಿ ಕುಳಿತ ಮೇಲೆ ಮಂಡಳಿ ‘ನವೀಕರಿಸಿದ’ ಒಲೆಗಳನ್ನು ಕೊಡತೊಡಗಿತು. ಬಡಾವಣೆಗಳಿಂದ ಬಂದ ಅರ್ಧ ಮುಗಿದ ಗುಂಡುಗಳನ್ನು ಮಂಡಳಿಯ ಕಾರ್ಖಾನೆಯಲ್ಲಿ ಒಂದು ಒಲೆಗೆ ಎರಡರಂತೆ ಸೇರಿಸಿದ್ದು. ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಕಸ್ತೂರಿಗೂ ಕಂಡಿರಲಿಲ್ಲ.

ಅವತ್ತು ಅವಳ ತಂಗಿ ಸುಮಂಗಲಾಳ ಕೂಸಿಗೆ ತೊಟ್ಟಿಲು ಹಾಕುವ ದಿನ. ಡ್ಯೂಟಿ ಮುಗಿಸಿ ಸೀದಾ ಓಣಿಗೆ ಹೋದಳು. ಅವಸರದಲ್ಲಿ ಎದೆಯ ಮೇಲಿನ ಬಿಲ್ಲೆ ತೆಗೆದಿಡುವುದು ಮರೆಯಿತು. ಕಾಣದ ಕಿರಣ ಬಿದ್ದರೆ ಕಪ್ಪಾಗುವ ಬಿಲ್ಲೆ ಅದು. ಕಚೇರಿಯ ಎಲ್ಲರೂ ಹಾಕಿಕೊಳ್ಳಬೇಕು. ಕಸ್ತೂರಿಯದು ಸೇರಿದಾಗಿನಿಂದ ಹಾಲಿನಷ್ಟು ಬೆಳ್ಳಗಿತ್ತು.

*

ಬಾಣಂತಿ ಕೋಣೆಯಲ್ಲಿ ಅಜವಾನದ ವಾಸನೆ. ಸುಮಂಗಲಾ ತಲೆಗೆ ಅರಿವೆ ಕಟ್ಟಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಹೊರಸಿನ ಮೇಲೆ ಕುಳಿತಿದ್ದಳು. ಕೆಳಗೆ ಹೊಸ ಒಲೆ. ಅದು ಎದುರು ಮನೆಯ ಫಕೀರವ್ವನದು. ಲಾರಿಯಿಂದ ಇಳಿದದ್ದೇ ತಡ, ಆಕೆ ಅದನ್ನು ತನ್ನ ಮನೆಯ ಹೊಸ್ತಿಲು ದಾಟಿಸದೆ ಇಲ್ಲಿಗೆ ಉರುಳಿಸಿಕೊಂಡು ಬಂದಿದ್ದಳು. ತಾನು ಮಾತ್ರ ಹಳೆಯ ತಣ್ಣನೆಯ ಒಲೆಯ ಮೇಲೆ ಅರೆಬೆಂದ ರೊಟ್ಟಿ ತಿನ್ನುತ್ತಿದ್ದಳು. ಮಕ್ಕಳಿಲ್ಲದ ಹೆಂಗಸು. ಈ ಕೂಸು ಹುಟ್ಟಿದಾಗಿನಿಂದ ಆಕೆಯ ಚಪ್ಪಲಿ ಇದೇ ಮನೆಯ ಬಾಗಿಲಲ್ಲಿ ಇರುತ್ತಿದ್ದವು.

“ಬಂದ್ಲು ನೋಡ ನಿಮ್ಮ ದೊಡ್ಡವ್ವ, ಆಫೀಸರ್‌ತಿ,” ಎಂದು ಫಕೀರವ್ವ ಕೂಸಿಗೆ ಹೇಳಿದಳು. “ಕೈ ತೊಳಕೊಂಡು ಬಾರವಾ, ಹಂಗ ಮುಟ್ಟಬ್ಯಾಡ.”

“ತೊಳಕೊಂಡೇ ಬಂದೀನಿ ಅತ್ತಿ.”

“ತೊಳಕೊಂಡಿದ್ರ ಮತ್ತೊಮ್ಮೆ ತೊಳಕೊ. ಸರಕಾರಿ ಕೈ ಅವು.”

ಎಲ್ಲರೂ ನಕ್ಕರು. ಕಸ್ತೂರಿ ಮತ್ತೊಮ್ಮೆ ಕೈ ತೊಳೆದು ಬಂದು ಹೊರಸಿನ ಮೇಲೆ ಕಾಲು ಮಡಿಚಿ ಕುಳಿತು ಕೂಸನ್ನು ಎತ್ತಿಕೊಂಡಳು. ಹಣೆಯ ಮೇಲೆ ಅವ್ವ ಇಟ್ಟ ಕಾಡಿಗೆಯ ಬೊಟ್ಟು. ನಿದ್ದೆಯಲ್ಲೇ ತುಟಿ ಚೀಪುತ್ತಿತ್ತು. ಹೊರಗೆ ತೊಟ್ಟಿಲಿಗೆ ಹೂ ಕಟ್ಟುವವರು ಜಗಳವಾಡುತ್ತಿದ್ದರು. ಹಾಗೇ ಬಹಳ ಹೊತ್ತು ಕುಳಿತಳು. ಕೂಸಿನ ಬಾಯಿ ಒರೆಸಲು ಬಗ್ಗಿದಾಗ ಬಿಲ್ಲೆ ಕಣ್ಣಿಗೆ ಬಿತ್ತು. ಅದು ಬೂದಿಯ ಬಣ್ಣಕ್ಕೆ ತಿರುಗಿತ್ತು.

ಮೊದಲು ಅವಳಿಗೆ ಅನ್ನಿಸಿದ್ದು, ಬಿಲ್ಲೆ ಕೆಟ್ಟಿದೆ ಎಂದು. ಚೀಲದಲ್ಲಿ ಬದಲಿ ಬಿಲ್ಲೆಗಳಿದ್ದವು. ಒಂದನ್ನು ಒಲೆಯ ಬದಿಗೆ ಒರಗಿಸಿಟ್ಟಳು. ಇನ್ನೊಂದನ್ನು ಹೊರಸಿನ ನುಲಿಗೆ, ಕೂಸಿನ ತಲೆ ಬರುವ ಕಡೆ ಸಿಕ್ಕಿಸಿದಳು. ಕೂಸನ್ನು ಎತ್ತಿಕೊಂಡು ತೊಟ್ಟಿಲ ಕಡೆ ಹೋದಳು. ಹೆಸರಿಡುವ ಶಾಸ್ತ್ರ ನಡೆಯಿತು. ಹಾಡು ಹೇಳಿದರು, ಗುಗ್ಗರಿ ಹಂಚಿದರು. ಕೂಸಿಗೆ ಮಂದಾರ ಎಂದು ಹೆಸರಾಯಿತು. ಎಲ್ಲ ಮುಗಿದು ಬಂದು ನೋಡಿದರೆ ಬದಿಯ ಬಿಲ್ಲೆ ಬೆಳ್ಳಗಿತ್ತು. ಹೊರಸಿನದು ಕಪ್ಪಾಗಿತ್ತು.

“ಯವ್ವಾ, ಈ ಒಲಿ ಇಲ್ಲಿ ಬ್ಯಾಡ,” ಎಂದಳು ಕಸ್ತೂರಿ.

“ಯಾಕ? ಕಾವು ಚಲೋ ಐತಿ.”

“ನನ್ನ ಬಿಲ್ಲಿ ಕೆಟ್ಟಿರಬಹುದು. ನೋಡಿ ಹೇಳತೀನಿ. ಅಲ್ಲೀತನಕ ಹಿತ್ತಲದಾಗಿರಲಿ, ಯಾರೂ ಮ್ಯಾಲೆ ಬಗ್ಗಬ್ಯಾಡ್ರಿ.”

ಶಿವಗಂಗವ್ವ ಮಗಳ ಮುಖ ನೋಡಿದಳು. ಸೆರಗು ಸಿಕ್ಕಿಸಿಕೊಂಡು ತಾನೇ ಬಂದು ಒಲೆಗೆ ಕೈ ಹಚ್ಚಿದಳು.

*

ಮರುದಿನ ಕಸ್ತೂರಿ ಎರಡು ಒಲೆಗಳ ಅಂಕಿಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು. ಒಂದು ಬೆಂಗಳೂರಿನ ಹೊಸದು, ಇನ್ನೊಂದು ಫಕೀರವ್ವನದು. ಒಳಗೆ ಹುಟ್ಟುವ ಒಟ್ಟು ಕಾವು ಎರಡರಲ್ಲೂ ಒಂದೇ. ಆದರೆ ಫಕೀರವ್ವನದರ ತಟ್ಟೆ ಹೆಚ್ಚು ಬಿಸಿ, ಬದಿ ಕಡಿಮೆ ಬಿಸಿ.

ಕಾವು ಸುಮ್ಮನೆ ಹುಟ್ಟುವುದಿಲ್ಲ, ಸುಮ್ಮನೆ ಮಾಯವಾಗುವುದಿಲ್ಲ. ಒಟ್ಟು ಅಷ್ಟೇ ಇದ್ದು, ಮೇಲೆ ಹೆಚ್ಚು ಬರುತ್ತಿದೆ ಎಂದರೆ ಬದಿಗಿಂತ ಮೇಲಿನ ದಾರಿ ಸಲೀಸಾಗಿದೆ ಎಂದರ್ಥ. ಹೈಸ್ಕೂಲಿನ ಮಕ್ಕಳಿಗೂ ಹೇಳಿಕೊಡುವ ಪಾಠ. ಇಷ್ಟು ದಿನ ಅವಳೂ ಜಾಫರನೂ ಅದನ್ನು ನೋಡಿ ಹೆಮ್ಮೆಪಟ್ಟಿದ್ದರು.

“ಜಾಫರ್, ಒಂದು ಮುಚ್ಚಳ ತೆಗೀಬೇಕು.”

ರಿಪೇರಿ ಶೆಡ್ಡಿನಲ್ಲಿ ದಪ್ಪ ಗಾಜಿನ ಆಚೆ ಯಂತ್ರದ ತೋಳು ಒಂದು ನವೀಕರಿಸಿದ ಒಲೆಯ ಮುಚ್ಚಳ ಎತ್ತಿ ತಿರುಗಿಸಿ ಹಿಡಿಯಿತು. ಹೊರಗಿನಿಂದ ನಾಲ್ಕು ಬೆರಳು ದಪ್ಪ. ಒಳಗಿನಿಂದ ಬಟ್ಟಲಿನ ಹಾಗೆ ಕೊರೆದು ತೆಗೆದಿದ್ದರು. ನಡುವೆ ಉಳಿದದ್ದು ಒಂದು ಬೆರಳಿನಷ್ಟೂ ಇಲ್ಲ. ಮೇಲೆ ಕೂರಿಸಿದ ಎರಡನೆಯ ಗುಂಡಿನ ತಲೆ ಆ ಬಟ್ಟಲಿನೊಳಗೆ ಸರಿಯಾಗಿ ಹೊಂದಿಕೊಂಡಿತ್ತು.

ಜಾಫರ್ ಗಾಜಿಗೆ ಮುಖ ಹಚ್ಚಿ ಬಟ್ಟಲಿನ ಅಂಚು ನೋಡಿದ. ಆಮೇಲೆ, “ಇದು ತಪ್ಪಿ ಆಗಿದ್ದಲ್ಲ ಮೇಡಂ. ಕೊರದಾರ. ನೀಟಾಗಿ ಕೊರದಾರ,” ಎಂದ.

ಹೌದು. ತಪ್ಪಿ ಆಗಿದ್ದರೆ ಕ್ಷಮಿಸಬಹುದಿತ್ತು. ಕೈ ಜಾರುತ್ತದೆ, ಕಣ್ಣು ತಪ್ಪುತ್ತದೆ, ಮನುಷ್ಯರು. ಆದರೆ ಇದನ್ನು ಯಾರೋ ಮೇಜಿನ ಮುಂದೆ ಕುಳಿತು, ಚಹಾ ಕುಡಿಯುತ್ತ, ಸ್ಕೇಲು ಹಿಡಿದು ಗೆರೆ ಎಳೆದು ನಿರ್ಧರಿಸಿದ್ದರು.

*

ಮುಖ್ಯ ಇಂಜಿನಿಯರ್ ಹೊಸೂರ ಸಾಹೇಬರು ಕೆಟ್ಟವರಲ್ಲ. ಕಸ್ತೂರಿ ಒಳಗೆ ಬಂದಾಗ ಎದ್ದು ನಿಂತು ಕುರ್ಚಿ ತೋರಿಸಿದರು. ಅವಳ ಮುಖ ನೋಡಿ ಜಗ್ಗಿನಿಂದ ತಾವೇ ನೀರು ಬಗ್ಗಿಸಿ ಕೊಟ್ಟರು. ಇಂಥವರ ಮೇಲೆ ಸಿಟ್ಟು ಮಾಡುವುದು ಕಷ್ಟ. ಕಷ್ಟವೆಂದೇ ಅದು ಒಳಗೆ ಇನ್ನಷ್ಟು ಬೇಯುತ್ತದೆ.

“ನೋಡಿ ಕಸ್ತೂರಿ, ಎರಡು ಅರ್ಧ ಸೇರಿದರೆ ಒಂದು. ಮೂರನೇ ಕ್ಲಾಸಿನ ಲೆಕ್ಕ,” ಎಂದರು. “ಹೊಸ ಗುಂಡಿನಲ್ಲಿ ಎಷ್ಟು ಕಾವೋ ಇದರಲ್ಲೂ ಅಷ್ಟೇ ಕಾವು. ಎಷ್ಟು ಕಿರಣವೋ ಅಷ್ಟೇ ಕಿರಣ. ಒಂದು ಚೂರೂ ಹೆಚ್ಚಿಲ್ಲ.”

“ಲೆಕ್ಕ ಸರಿ ಐತಿ ಸರ್. ಎರಡನೇ ಅರ್ಧಕ್ಕ ಜಾಗ ಎಲ್ಲಿಂದ ತಂದ್ರಿ?”

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಎತ್ತರದ ಹೊಸ ಕವಚ ಎರಕ ಹೊಯ್ಯಿಸಬೇಕಿದ್ದರೆ ಎರಡು ವರ್ಷ ಹಿಡೀತಿತ್ತು. ಒಲೆ ತಣ್ಣಗಾಯ್ತು ಅಂತ ಧರಣಿ ಕೂತವರು ನಿಮ್ಮ ಓಣಿಯವರೇ ಅಲ್ವಾ? ಬೇಗ ಕೊಡಿ ಅಂದರು, ಬೇಗ ಕೊಟ್ಟೆವು. ಮತ್ತೆ ಪ್ರತಿಯೊಂದನ್ನೂ ನಿಯಮದ ಪ್ರಕಾರ ಅಳತೆ ಮಾಡಿಯೇ ಕಳಿಸಿದ್ದೇವೆ.”

“ನಿಯಮದಾಗ ಬದಿಯಿಂದ ಅಳೀತಾರ ಸರ್. ಅಡಿಗಿ ಮಾಡಾಕಿ ನಿಲ್ಲೂ ಕಡೆಯಿಂದ. ಮ್ಯಾಲಿಂದ ಯಾರೂ ಅಳದಿಲ್ಲ.”

“ಮೇಲಿನಿಂದ ಯಾಕೆ ಅಳೀಬೇಕು?” ಹೊಸೂರರು ನಿಜವಾಗಿಯೂ ಆಶ್ಚರ್ಯಪಟ್ಟರು. “ಒಲೆಯ ಮೇಲೆ ಯಾರು ಮಲಗುತ್ತಾರೆ?”

ಕಸ್ತೂರಿ ನೀರಿನ ಲೋಟವನ್ನು ಮೇಜಿನ ಮೇಲೆ ಇಟ್ಟಳು.

“ನಾನು ಮಲಗಿದ್ದೆ ಸರ್. ಕೆಳಗ ಹಾಲಿನಾಗ ಫೋಟೊ ಐತಿ. ನೀವು ದಿನಾ ಅದರ ಮುಂದನ ಹಾಯ್ದು ಮ್ಯಾಲೆ ಬರತೀರಿ.”

ಹೊಸೂರರು ಪೆನ್ನು ಕೆಳಗಿಟ್ಟು ಮುಂದೆ ಬಾಗಿ, ದನಿ ಇಳಿಸಿ ಹೇಳಿದರು, “ನಿಮ್ಮ ತಂಗಿಯ ಮನೆಗೆ ಇವತ್ತೇ ಹೊಚ್ಚಹೊಸ ಒಲೆ ಕಳಿಸ್ತೀನಿ. ಪೂರ್ತಿ ಮುಚ್ಚಳದ್ದು. ಮಗುವಿನ ತಪಾಸಣೆ ಎಷ್ಟು ವರ್ಷವಾದರೂ ಸರಿ, ಮಂಡಳಿ ನೋಡಿಕೊಳ್ಳುತ್ತೆ. ಉಳಿದ ಒಲೆಗಳನ್ನ ಹಂತಹಂತವಾಗಿ, ಗದ್ದಲವಿಲ್ಲದೆ ಬದಲಾಯಿಸೋಣ. ಈಗಲೇ ಹೊರಗೆ ಹೇಳಿದರೆ ಜನ ಹೆದರಿ ಒಲೆಗಳನ್ನ ಬಾವಿಗೆ ಹಾಕ್ತಾರೆ, ಒಡೀತಾರೆ. ಆಗ ಏನಾಗುತ್ತೆ ಅಂತ ನಿಮಗೆ ಗೊತ್ತು.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಒಡೆದ ಗುಂಡು ಕೊರೆದ ಮುಚ್ಚಳಕ್ಕಿಂತ ಕೆಡುಕು. ಕಸ್ತೂರಿ ಅದನ್ನೇ ಯೋಚಿಸುತ್ತ ಮೆಟ್ಟಿಲಿಳಿದಳು. ಹೊಸ ಒಲೆ, ಪೂರ್ತಿ ಮುಚ್ಚಳ, ಮಂದಾರಳಿಗೆ ವರ್ಷಾವರ್ಷ ತಪಾಸಣೆ. ಒಂದು ಬಾಯಿ ಮುಚ್ಚಿಕೊಂಡರೆ ಸಾಕು. ಆದರೆ ಓಣಿಯ ಆ ತುದಿಯಲ್ಲಿ ದಾಕ್ಷಾಯಣಿ ಮೊನ್ನೆಯಷ್ಟೇ ಹಡೆದಿದ್ದಳು. ಅವಳ ಹೊರಸಿನ ಕೆಳಗೆ ಯಾರ ಮನೆಯ ಹೊಸ ಒಲೆ ಹೋಗಿದೆಯೋ. ಹಂತಹಂತವಾಗಿ ಎಂದರೆ ಅವಳ ಕೂಸು ಯಾವ ಹಂತ?

ಹಾಲಿನಲ್ಲಿ ಫೋಟೊದ ಕೆಳಗೆ ನಿಂತು ಅವ್ವನಿಗೆ ಫೋನು ಮಾಡಿದಳು. “ಯವ್ವಾ, ದಾಕ್ಷಾಯಣಿ ಹೊರಸಿನ ಕೆಳಗ ಒಲಿ ಇದ್ರ ಈಗಿಂದೀಗ ಹೊರಗ ಜಗ್ಗ. ಮ್ಯಾಲಿಂದ ಕೈ ಹಾಕಬ್ಯಾಡ, ಬದಿಯಿಂದ ಜಗ್ಗ. ನಾ ಬಂದು ಹೇಳತೀನಿ.”

*

ಹೇಳುವುದು ಸುಲಭವಾಗಿರಲಿಲ್ಲ. ಸುಮಂಗಲಾ ಕೂಸನ್ನು ಎದೆಗವಚಿಕೊಂಡು ಎಲ್ಲವನ್ನೂ ಕೇಳಿದಳು. ಬರುವ ದಾರಿಯಲ್ಲಿ ಕಸ್ತೂರಿ ಕೇಳಿಕೊಂಡು ಬಂದ ಡಾಕ್ಟರರು, ಈಗ ಪರೀಕ್ಷೆ ಮಾಡಿದರೂ ಏನೂ ಕಾಣುವುದಿಲ್ಲ, ಏನೂ ಆಗದೆಯೂ ಇರಬಹುದು, ವರ್ಷಗಳ ಕಾಲ ನೋಡುತ್ತಿರಬೇಕು ಎಂದಿದ್ದರು.

“ನೋಡೂದಂದ್ರ ಏನ ನೋಡೂದಕ್ಕಾ?” ಎಂದಳು.

“ರಕ್ತ. ಎಲುಬು. ಬೆಳವಣಿಗಿ.”

“ಜ್ವರ ಬಂದ್ರ, ಇದು ಅದೇನೋ ಅಂತ ನೋಡಬೇಕು. ಹಲ್ಲು ತಡಾ ಬಂದ್ರ ಅದೇನೋ ಅಂತ ನೋಡಬೇಕು. ಇದು ಮದಿವಿ ಆಗಿ ಹಡಿಯಾಕ ಬಂದಾಗೂ ಅದೇನೋ ಅಂತ.” ಅವಳ ದನಿ ಏರಲಿಲ್ಲ. “ಒಂದ ಒಳ್ಳೆ ನಿದ್ದಿ ಕಸಗೊಂಡ್ರು ನನ್ನಿಂದ.”

ಅಷ್ಟರಲ್ಲಿ ಫಕೀರವ್ವ ಬಂದಳು. ಕೈಯಲ್ಲಿ ಡಬ್ಬಿ. “ಅಂಟಿನುಂಡಿ ಮಾಡೇನಿ. ತಣ್ಣನ್ನ ಒಲಿ ಮ್ಯಾಲೆ ಪಾಕ ಏರೂದರಾಗ ನನ್ನ ಹರೇ ಎಲ್ಲಾ ಹೋತು. ನನ್ನ ಹೊಸಾ ಒಲಿ ಯಾಕ ಹಿತ್ತಲಕ್ಕ ಹಾಕೀರಿ? ಮುನಿಸೇನು?”

ಶಿವಗಂಗವ್ವ ಡಬ್ಬಿ ತೆಗೆದುಕೊಂಡು ಒಂದು ಉಂಡೆ ಸುಮಂಗಲಾಳಿಗೆ ಕೊಟ್ಟಳು. ಇನ್ನೊಂದನ್ನು ತಾನು ಪೂರ್ತಿ ತಿಂದಳು, ನಿಧಾನವಾಗಿ. “ಚಲೋ ಆಗ್ಯಾವ,” ಎಂದಳು. ಆಮೇಲೆ ಫಕೀರವ್ವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದಳು. ಮೊದಲು ಉಂಡೆ ತಿಂದಳೆಂಬುದನ್ನು ಫಕೀರವ್ವ ಆಮೇಲೆ ಎಷ್ಟೋ ಸಲ ನೆನೆಸುತ್ತಿದ್ದಳು.

ಕೇಳಿದ ಮೇಲೆ ಆಕೆ ತನ್ನ ಎರಡೂ ಅಂಗೈ ನೋಡಿಕೊಂಡಳು.

“ನನ್ನ ಕೈಲೇ ಉರುಳಿಸಿಕೊಂಡ ಬಂದ್ನೆಲ್ಲವಾ.”

“ನೀ ಕಾವು ತಂದಿ, ಫಕೀರವ್ವ. ಅದರಾಗ ಬ್ಯಾರೇದನ್ನ ಇಟ್ಟವರು ಬ್ಯಾರೆ,” ಎಂದಳು ಶಿವಗಂಗವ್ವ. ಸುಮಂಗಲಾ ಎದ್ದು ಬಂದು ಕೂಸನ್ನು ಫಕೀರವ್ವನ ಮಡಿಲಲ್ಲಿ ಇಟ್ಟಳು. ಫಕೀರವ್ವ ಮುಟ್ಟಲು ಹೆದರಿ ಕೈಗಳನ್ನು ಗಾಳಿಯಲ್ಲೇ ಹಿಡಿದಿದ್ದಳು. ಕೂಸು ಅತ್ತ ಮೇಲೆ ಹಿಡಿದುಕೊಂಡಳು.

ಈ ಓಣಿಯ ಹೆಂಗಸರಲ್ಲಿ ಒಬ್ಬರಿಗೊಬ್ಬರು ಕಾವು ಕೊಡುವ ಗುಣವಿತ್ತು. ಆ ಗುಣದ ದಾರಿಯಲ್ಲೇ ವಿಷ ಮನೆಯಿಂದ ಮನೆಗೆ ಹೋಯಿತು. ಸ್ವಾರ್ಥಿಗಳಾಗಿದ್ದರೆ, ಹೊಸ ಒಲೆಯನ್ನು ಅವರವರ ಅಡುಗೆಮನೆಯಲ್ಲೇ ಇಟ್ಟುಕೊಂಡಿದ್ದರೆ, ಎಷ್ಟೋ ಕೂಸುಗಳಿಗೆ ಆ ಕಿರಣ ತಾಕುತ್ತಿರಲಿಲ್ಲ. ಮುಚ್ಚಳ ಕೊರೆದವರು ಕದ್ದದ್ದು ಸೀಸವೊಂದನ್ನೇ ಅಲ್ಲ.

ಕಸ್ತೂರಿ ಸಂಜೆಯವರೆಗೆ ಮನೆ ಮನೆಗೆ ಹೋಗಿ ಹೇಳಿದಳು: ಒಡೆಯಬೇಡಿ, ಬಾವಿಗೆ ಹಾಕಬೇಡಿ, ಮೇಲೆ ಬಗ್ಗಬೇಡಿ, ಹಿತ್ತಲಿಗೆ ಉರುಳಿಸಿ ಸುತ್ತ ಹಗ್ಗ ಕಟ್ಟಿ. ಯಾರೂ ಒಲೆ ಒಡೆಯಲಿಲ್ಲ. ಜನ ಹೆದರಿ ಏನೇನೋ ಮಾಡುತ್ತಾರೆಂದು ಹೊಸೂರ ಸಾಹೇಬರು ತಿಳಿದಿದ್ದರಲ್ಲ, ಹಾಗೆ ಏನೂ ಆಗಲಿಲ್ಲ. ಅವತ್ತು ಓಣಿಯವರೆಲ್ಲ ಚುರಮರಿ ತಿಂದು ಮಲಗಿದರು.

*

ವಾರಕ್ಕೊಮ್ಮೆ ಕಚೇರಿಯ ಹಾಲಿನಲ್ಲಿ ಅಹವಾಲು ಸಭೆ. ಆ ವಾರ ಹೊಸೂರರೇ ಕುಳಿತಿದ್ದರು. ಆಗಲೇ ಪತ್ರಿಕೆಯವರ ಕಿವಿಗೆ ಸುದ್ದಿ ಬಿದ್ದು ಅವರೂ ಬಂದಿದ್ದರು. ನೇಕಾರ ಓಣಿಯ ಹೆಂಗಸರು ಒಂದು ಕೈಗಾಡಿಯಲ್ಲಿ ನುಲಿಯ ಹೊರಸು ಹೇರಿಕೊಂಡು ಬಂದರು. ಹಿಂದೆ ಜಾಫರ್, ರಿಪೇರಿಗೆ ಒಲೆ ಒಯ್ಯುವ ಮಂಡಳಿಯ ಗಾಡಿಯಲ್ಲಿ ಫಕೀರವ್ವನ ಒಲೆ. ಮೇಲೆ ಶೆಡ್ಡಿನ ದಪ್ಪ ಸೀಸದ ಹಲಗೆ ಮುಚ್ಚಿದ್ದ. ಅವನಿಗೆ ಅದಕ್ಕಾಗಿ ಆಮೇಲೆ ನೋಟೀಸು ಬಂತು. ಬಾಗಿಲಲ್ಲಿದ್ದ ಕಾವಲುಗಾರ ತಡೆಯಬೇಕಿತ್ತು; ಅವನು ಬಂದು ಹೊರಸಿನ ಒಂದು ಕಾಲು ಹಿಡಿದು ಒಳಗೆ ತರಲು ನೆರವಾದ. ಕೂಸನ್ನೆತ್ತಿಕೊಂಡು ಬಂದ ಸುಮಂಗಲಾಳನ್ನು ಕಂಡು ತನ್ನ ಸ್ಟೂಲು ತಂದು ದೂರದ ಗೋಡೆಯ ಹತ್ತಿರ ಹಾಕಿಕೊಟ್ಟ.

ಹೊಸೂರರು ಎದ್ದು ನಿಂತು ಮಾತಾಡುತ್ತಿದ್ದರು. “ಕೆಲವರು ಆಧಾರವಿಲ್ಲದ ಭಯ ಹಬ್ಬಿಸುತ್ತಿದ್ದಾರೆ. ನವೀಕರಿಸಿದ ಒಲೆಗಳು ಎಲ್ಲ ನಿಯಮಗಳ ಪ್ರಕಾರ ಸಂಪೂರ್ಣ ಸುರಕ್ಷಿತ ಎಂದು ಮಂಡಳಿಯ ಪರವಾಗಿ—”

“ಸಾಹೇಬ್ರ, ಒಂದ ನಿಮಿಷ,” ಎಂದಳು ಶಿವಗಂಗವ್ವ.

ಅವಳು ಹೊರಸನ್ನು ಫೋಟೊದ ಸರಿಯಾಗಿ ಕೆಳಗೆ ಹಾಕಿಸಿದಳು. ಜಾಫರ್ ಒಲೆಯನ್ನು ಹೊರಸಿನ ಕೆಳಗೆ ಉರುಳಿಸಿದ. ಸೀಸದ ಹಲಗೆ ಅದರ ಮೇಲೆ ಹಾಗೇ ಇತ್ತು. ಶಿವಗಂಗವ್ವ ಚೀಲದಿಂದ ಒಂದು ಕೌದಿ ತೆಗೆದಳು. ಹಳೆಯ ಇಳಕಲ್ ಸೀರೆಗಳ ತುಂಡು ಕೂಡಿಸಿ ಮೊಮ್ಮಗಳಿಗೆಂದು ಹೊಲಿದದ್ದು. ಹೊರಸಿನ ಮೇಲೆ ಹಾಸಿ, ಸುಕ್ಕು ಬಿಡಿಸಿ, ತಲೆದಿಂಬು ಇಟ್ಟು, ದಿಂಬನ್ನು ಎರಡು ಸಲ ತಟ್ಟಿದಳು. ಮನೆಗೆ ಬಂದ ಬೀಗರಿಗೆ ಹಾಸಿಕೊಡುವ ಹಾಗೆ.

“ಮಲಗ್ರಿ ಸಾಹೇಬ್ರ.”

ಹಾಲಿನಲ್ಲಿ ಯಾರೋ ನಕ್ಕರು, ಆಮೇಲೆ ನಿಲ್ಲಿಸಿದರು.

“ಏನಮ್ಮ ಇದು?”

“ಮ್ಯಾಲೆ ನೋಡ್ರಿ, ನಾನ ಅದೀನಿ. ನಿಮ್ಮವರು ಮಲಗಂದ್ರು, ಮಲಗಿದೆ. ಕೂಸಿನ್ನೂ ಮಲಗಿಸಿದೆ. ನಗು ಅಂದ್ರು, ನಕ್ಕೆ. ಆಗ ಒಲಿ ಮ್ಯಾಲೆ ಮಲಗೂವರು ಅದಾರಂತ ಮಂಡಳಿಗೆ ಗೊತ್ತಿತ್ತು. ಈಗ ಮರತೀರಿ. ಇರಲಿ, ನನ್ನ ಮೊಮ್ಮಗಳು ಮಲಗಿದಷ್ಟ ದಿನ ಬ್ಯಾಡ. ಒಂದು ತಾಸು ಮಲಗ್ರಿ. ಸುರಕ್ಷಿತ ಐತಿ ಅಂದ್ರೆಲ್ಲ, ಪೇಪರಿನವರು ಫೋಟೊ ತೆಗೀತಾರ. ಹಳೇದನ್ನ ತೆಗದು ಅದನ್ನ ಹಾಕಸ್ರಿ.”

ಅವ್ವನ ಪಕ್ಕದಲ್ಲಿದ್ದ ಕಸ್ತೂರಿ ಬಾಗಿ, ಒಲೆಯ ಮೇಲಿದ್ದ ಸೀಸದ ಹಲಗೆಯ ಹಿಡಿಕೆಗೆ ಕೈ ಹಾಕಿದಳು. ಇನ್ನೂ ಎಳೆದಿರಲಿಲ್ಲ.

ಹೊಸೂರರು ಹೊರಸಿನ ಕಡೆ ನೋಡಿದರು. ಫೋಟೊದ ಕಡೆ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟೇ. ಅವರ ಎಡಬಲಕ್ಕೆ ಕುಳಿತಿದ್ದ ಅಧಿಕಾರಿಗಳೂ ಕುರ್ಚಿಯಿಂದ ಎದ್ದು ಹಿಂದೆ ಸರಿದರು. ಹಲಗೆ ಇನ್ನೂ ಅಲುಗಿರಲಿಲ್ಲ.

ಹೆಂಗಸರು ಕೈಕಟ್ಟಿ ನಿಂತು ನೋಡುತ್ತಿದ್ದರು. ಕ್ಯಾಮೆರಾಗಳು ಟಿಕ್ ಟಿಕ್ ಎನ್ನುತ್ತಿದ್ದವು. ಫಕೀರವ್ವ ಸ್ಟೂಲಿನ ಪಕ್ಕ ನೆಲದ ಮೇಲೆ ಕುಳಿತು, ಮಂದಾರಳ ತಲೆಯಿಂದ ಜಾರಿದ ಕುಂಚಿಗೆಯನ್ನು ಸರಿಮಾಡಿದಳು.

“ನೀರ ಕುಡೀರಿ ಸಾಹೇಬ್ರ,” ಎಂದಳು ಶಿವಗಂಗವ್ವ ಕೊನೆಗೆ. “ಮುಖ ಬಾಡೇತಿ.”

*

ಅವತ್ತೇ ಸಂಜೆ ಒಲೆಗಳನ್ನೆಲ್ಲ ವಾಪಸು ಪಡೆಯುವ ಆದೇಶ ಹೊರಟಿತು. ಅಳತೆಯ ನಿಯಮಕ್ಕೆ ‘ಮೇಲಿನಿಂದಲೂ’ ಎಂಬ ಒಂದು ಪದ ಸೇರಿತು. ಆ ಒಂದು ಪದ ಮೊದಲೇ ಇದ್ದಿದ್ದರೆ ಸಾಕಾಗಿತ್ತು. ಹೊಸೂರ ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿಯೂ ಅವರು ಬಂದವರಿಗೆ ಕುರ್ಚಿ ಕೊಟ್ಟು ನೀರು ಬಗ್ಗಿಸುತ್ತಿರಬಹುದು. ಓಣಿಗೆ ಪೂರ್ತಿ ಮುಚ್ಚಳದ ಒಲೆಗಳು ಬಂದವು. ಬಾಣಂತಿಯರ ಹೊರಸಿನ ಕೆಳಗೆ ಈಗ ಯಾರೂ ಅವನ್ನು ಇಡುವುದಿಲ್ಲ. ಇದು ಒಳ್ಳೆಯದು ಎಂದು ಕಸ್ತೂರಿಯೇ ಅಳೆದು ಹೇಳಿದರೂ ಇಡುವುದಿಲ್ಲ. ಎಲ್ಲಿಂದಲೋ ಇದ್ದಿಲು ತಂದು, ಹೊಗೆ ತಡೆದುಕೊಂಡು, ಹಳೆಯ ಶೆಗಡಿ ಇಡುತ್ತಾರೆ.

ಫಕೀರವ್ವನ ಒಲೆಯನ್ನು ಅವತ್ತೇ ಜಾಫರ್ ಶೆಡ್ಡಿಗೆ ಒಯ್ದ. ಹೊರಸು ಹಾಲಿನಲ್ಲೇ ಉಳಿಯಿತು. ತೆಗೆಯಲು ಬಂದ ಜವಾನನಿಗೆ ಶಿವಗಂಗವ್ವ, “ಇರಲಿ ಬಿಡಪಾ. ಅವರು ಬಂದು ಮಲಗೂತನಕ ಇರಲಿ,” ಎಂದಿದ್ದಳು. ತೆಗೆಯಿರಿ ಎಂದು ಹೇಳುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ. ಜವಾನ ದಿನಾ ಬೆಳಿಗ್ಗೆ ಕೌದಿಯ ಧೂಳು ಕೊಡವಿ ಮತ್ತೆ ಹಾಸುತ್ತಾನೆ. ಕೆಳಗೆ ಏನೂ ಇಲ್ಲ, ಬರೀ ನೆಲ. ಆದರೂ ಅಧಿಕಾರಿಗಳು ಹಾಲಿನ ನಡುವೆ ನಡೆಯುವುದಿಲ್ಲ. ಗೋಡೆಗುಂಟ ಹೋಗುತ್ತಾರೆ.

ಮಂದಾರ ಈಗ ಅಂಬೆಗಾಲಿಡುತ್ತಾಳೆ. ತಿಂಗಳಿಗೊಮ್ಮೆ ಅವಳ ರಕ್ತ ತೆಗೆಯುತ್ತಾರೆ. ಸೂಜಿ ಚುಚ್ಚುವಾಗ ಫಕೀರವ್ವನೇ ಹಿಡಿದುಕೊಳ್ಳಬೇಕು, ಬೇರೆಯವರ ಕೈಯಲ್ಲಿ ನಿಲ್ಲುವುದಿಲ್ಲ. ಆಸ್ಪತ್ರೆಯಿಂದ ಬರುವಾಗ ಸುಮಂಗಲಾ ಪ್ರತಿ ಸಲವೂ ಕಚೇರಿಗೆ ಹೋಗಿ, ಕೂಸನ್ನು ಆ ಹೊರಸಿನ ಮೇಲೆ ಕೂರಿಸಿ, ಹೊಸದಾಗಿ ಬಂದ ಮುಖ್ಯ ಇಂಜಿನಿಯರರು ಕೆಳಗಿಳಿದು ಬರುವವರೆಗೆ ಕಾಯುತ್ತಾಳೆ. ಏನನ್ನೂ ಕೇಳುವುದಿಲ್ಲ. ಅವರು ಬಂದು ಕೂಸಿನ ಮುಖ ನೋಡಿದ ಮೇಲೆ ಎತ್ತಿಕೊಂಡು ಮನೆಗೆ ಹೋಗುತ್ತಾಳೆ.